ಸ್ವೀಪ್ಸ್ ಸೈಟಿನಲ್ಲಿ ಗೆದ್ದದ್ದು ಬ್ಯಾಂಕಿಗೆ ಬರಬೇಕಾದರೆ: ಅಮೆರಿಕದಲ್ಲಿರುವ ಕನ್ನಡಿಗರಿಗೆ

ಅಮೆರಿಕದ ಸ್ವೀಪ್‌ಸ್ಟೇಕ್ಸ್ ಕ್ಯಾಸಿನೊ ಸೈಟುಗಳಲ್ಲಿ ಗೆಲ್ಲುವುದು ಅದೃಷ್ಟದ ಮಾತು. ಗೆದ್ದದ್ದು ಬ್ಯಾಂಕಿಗೆ ಬಂದು ಬೀಳುವುದು ಕಾಗದಪತ್ರದ ಮಾತು. ದುಡ್ಡು ಸಿಕ್ಕಿಹಾಕಿಕೊಂಡಿದೆ ಎಂದು ಒದ್ದಾಡುವವರ ಖಾತೆಗಳನ್ನು ಬಿಚ್ಚಿ ನೋಡಿದರೆ ಬಹುಪಾಲು ಮೂರೇ ಕಾರಣ: ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇದೆ, ವಿಳಾಸ ಹಳೆಯದು, ಇಲ್ಲವೇ ಕೂತು ಆಡಿದ ಜಾಗ ಸರಿಯಿಲ್ಲ. ಮೂರನ್ನೂ ಮೊದಲ ಆಟಕ್ಕೆ ಮುಂಚೆಯೇ ಸರಿಮಾಡಿಕೊಳ್ಳಬಹುದು. ಆಡಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿಲ್ಲ. ಎಚ್-1ಬಿ, ಎಚ್-4 ಅಥವಾ ಎಫ್-1 ವೀಸಾದಲ್ಲಿದ್ದು, ಈಗಾಗಲೇ ಖಾತೆ ತೆರೆದು ಕೂತವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು.

ಈ ಸೈಟುಗಳಲ್ಲಿ ಎರಡು ಬಗೆಯ ನಾಣ್ಯ ಇರುತ್ತವೆ. ಗೋಲ್ಡ್ ಕಾಯಿನ್ ಬರೀ ಆಟಕ್ಕೆ, ಕೋಟಿ ಇದ್ದರೂ ಕಾಸಿನ ಬೆಲೆ ಇಲ್ಲ. ದುಡ್ಡಾಗುವುದು ಸ್ವೀಪ್ಸ್ ಕಾಯಿನ್, ಅಂದರೆ ಎಸ್‌ಸಿ. ಸಾಮಾನ್ಯವಾಗಿ 1 ಎಸ್‌ಸಿಗೆ 1 ಡಾಲರ್. ನೀವು ದುಡ್ಡು ಕೊಟ್ಟು ಕೊಳ್ಳುವುದು ಗೋಲ್ಡ್ ಕಾಯಿನ್. ಎಸ್‌ಸಿ ಅದರ ಜೊತೆ ‘ಉಚಿತ’ವಾಗಿ ಬರುತ್ತದೆ. ದಿನಾ ಲಾಗಿನ್ ಆದರೂ ಒಂದಿಷ್ಟು ಸಿಗುತ್ತದೆ, ಕೈಬರಹದಲ್ಲಿ ಕಾರ್ಡು ಬರೆದು ಅಂಚೆಗೆ ಹಾಕಿದರೂ ಸಿಗುತ್ತದೆ. ಬಹುಮಾನ, ಅದೃಷ್ಟ, ಕೊಟ್ಟ ಹಣ ಮೂರೂ ಸೇರಿದರೆ ಕಾನೂನಿನ ಕಣ್ಣಿಗೆ ಅದು ಜೂಜು. ಕೊಳ್ಳದೆಯೂ ಆಡಬಹುದು ಎಂದು ತೋರಿಸಿ ಮೂರನೆಯದನ್ನು ಕಳಚಿಬಿಟ್ಟರೆ ಅದು ಪ್ರಚಾರದ ಬಹುಮಾನ ಯೋಜನೆ ಎನಿಸಿಕೊಳ್ಳುತ್ತದೆ ಎಂಬುದು ಕಂಪನಿಗಳ ವಾದ. ಚುಂಬಾ, ಲಕ್ಕಿಲ್ಯಾಂಡ್, ಗ್ಲೋಬಲ್ ಪೋಕರ್ ನಡೆಸುವ ಆಸ್ಟ್ರೇಲಿಯಾದ ವಿಜಿಡಬ್ಲ್ಯು ಕಂಪನಿ ಈ ದಾರಿ ತುಳಿದ ಹಳಬರಲ್ಲಿ ಒಂದು. ಆ ವಾದವನ್ನು ಒಂದೊಂದೇ ರಾಜ್ಯ ಈಗ ತಳ್ಳಿಹಾಕುತ್ತಿದೆ. ಆದ್ದರಿಂದ ಮೊದಲು ನೋಡಬೇಕಾದದ್ದು ರಾಜ್ಯ.

ನಿಮ್ಮ ರಾಜ್ಯದಲ್ಲಿ ಇದು ನಡೆಯುತ್ತದೆಯೇ?

ವಾಷಿಂಗ್ಟನ್, ಐಡಹೊ, ಮಿಷಿಗನ್ ರಾಜ್ಯಗಳಲ್ಲಿ ದೊಡ್ಡ ಸೈಟುಗಳು ಮೊದಲಿನಿಂದಲೂ ಬಾಗಿಲು ಹಾಕಿಕೊಂಡಿವೆ, ಇಲ್ಲವೇ ನಡುವೆ ಹೊರಬಿದ್ದಿವೆ. ಮೊಂಟಾನಾ ಮತ್ತು ಕನೆಕ್ಟಿಕಟ್‌ನ ನಿಷೇಧ ಕಾನೂನುಗಳು 2025ರ ಅಕ್ಟೋಬರ್ 1ರಿಂದ ಜಾರಿಯಾದವು. ನ್ಯೂಜೆರ್ಸಿ 2025ರ ಆಗಸ್ಟಿನಲ್ಲಿ, ನ್ಯೂಯಾರ್ಕ್ ಅದೇ ವರ್ಷದ ಡಿಸೆಂಬರಿನಲ್ಲಿ ನಿಷೇಧಕ್ಕೆ ಸಹಿ ಹಾಕಿದವು. ನಮ್ಮವರು ತುಂಬಿಕೊಂಡಿರುವ ಬೇ ಏರಿಯಾಕ್ಕೆ ಸಂಬಂಧಪಟ್ಟದ್ದು ಕ್ಯಾಲಿಫೋರ್ನಿಯಾದ ನಿಷೇಧ ಕಾನೂನು ಎಬಿ 831; ಅದು 2026ರ ಜನವರಿ 1ರಿಂದ ಜಾರಿಯಲ್ಲಿದೆ. ಪಟ್ಟಿ ಬೆಳೆಯುತ್ತಲೇ ಇದೆ. ಸೈಟಿನ ನಿಯಮಗಳ ಪುಟದಲ್ಲಿ ಹೊರಗಿಟ್ಟ ರಾಜ್ಯಗಳ ಹೆಸರು ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿ.

ರಾಜ್ಯ ಮುಚ್ಚುವಾಗ ಸೈಟುಗಳು ಸಾಮಾನ್ಯವಾಗಿ ಹೀಗೆ ಹಿಂದೆ ಸರಿಯುತ್ತವೆ: ಮೊದಲು ಗೋಲ್ಡ್ ಕಾಯಿನ್ ಮಾರಾಟ ನಿಲ್ಲುತ್ತದೆ, ಆಮೇಲೆ ಎಸ್‌ಸಿ ಆಟ ನಿಲ್ಲುತ್ತದೆ, ಕೊನೆಗೆ ರಿಡೀಮ್ ಮಾಡಲು, ಅಂದರೆ ಎಸ್‌ಸಿಯನ್ನು ದುಡ್ಡಾಗಿ ಪಡೆಯಲು, ಒಂದು ಕಡೇ ದಿನಾಂಕ ಬರುತ್ತದೆ. ಇದರಲ್ಲಿ ಜನ ಎಡವುವುದು ಎರಡನೇ ಹಂತದಲ್ಲಿ. ಒಮ್ಮೆಯೂ ಆಡದ ಎಸ್‌ಸಿಯನ್ನು ರಿಡೀಮ್ ಮಾಡಲು ಬರುವುದಿಲ್ಲ. ಆಟವೇ ನಿಂತಮೇಲೆ ಅದನ್ನು ಆಡಲೂ ಬರುವುದಿಲ್ಲ. ಅಂಥ ಇ-ಮೇಲ್ ಬಂದ ದಿನವೇ ಇದ್ದಬದ್ದ ಎಸ್‌ಸಿಯನ್ನು ಒಂದು ಸುತ್ತು ಆಡಿ ಮುಗಿಸಿ, ದಾಖಲೆ ಪರಿಶೀಲನೆಗೆ ಹಾಕಿ. ಕಡೇ ವಾರದಲ್ಲಿ ಎಲ್ಲರೂ ಒಟ್ಟಿಗೆ ದಾಖಲೆ ಕಳಿಸುವುದರಿಂದ ಸರದಿ ಉದ್ದವಾಗಿರುತ್ತದೆ.

ಜಾಗ ಎಂದರೆ ವಿಳಾಸ ಮಾತ್ರ ಅಲ್ಲ, ಆಡುವ ಹೊತ್ತಿಗೆ ನೀವು ನಿಂತಿರುವ ನೆಲ. ಟೆಕ್ಸಸ್ ವಿಳಾಸದವರು ಕೆಲಸದ ಮೇಲೆ ಸಿಯಾಟಲ್‌ಗೆ ಹೋದಾಗ ಆ್ಯಪ್ ತೆರೆಯಬೇಡಿ. ರಜೆಗೆ ಬೆಂಗಳೂರಿಗೆ ಬಂದಾಗಂತೂ ದಿನದ ಉಚಿತ ನಾಣ್ಯದ ಆಸೆಗೂ ಲಾಗಿನ್ ಆಗಬೇಡಿ. ವಿಪಿಎನ್ (ನೀವಿರುವ ಜಾಗವನ್ನು ಮರೆಸುವ ತಂತ್ರಾಂಶ) ಹಾಕಿ ಆಡಿದ್ದು ಸಿಕ್ಕಿಬಿದ್ದರೆ ಖಾತೆಯಲ್ಲಿ ಉಳಿದ ಬಾಕಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಹಕ್ಕನ್ನು ಹೆಚ್ಚುಕಡಿಮೆ ಎಲ್ಲ ಸೈಟುಗಳೂ ನಿಯಮದಲ್ಲೇ ಬರೆದುಕೊಂಡಿವೆ. ಸಿಕ್ಕಿಬೀಳುವುದು ಆಡುವಾಗ ಅಲ್ಲ, ರಿಡೀಮ್ ಒತ್ತಿದಮೇಲೆ. ಆಗಲೇ ಅವರು ಹಳೆಯ ಲಾಗಿನ್‌ಗಳನ್ನು ತೆಗೆದು ನೋಡುವುದು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕಂಪನಿಯ ವಿಪಿಎನ್ ತಾನಾಗೇ ಓಡುತ್ತಿರುತ್ತದೆ ಎಂಬುದನ್ನು ಮರೆಯಬೇಡಿ.

ಹೆಸರು

ಕನ್ನಡಿಗರ ಹೆಸರು ಅಮೆರಿಕದ ಫಾರ್ಮಿಗೆ ಸುಲಭವಾಗಿ ಹೊಂದುವುದಿಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಆಮೇಲೆ ನಮ್ಮ ಹೆಸರು. ಮನೆತನದ ಹೆಸರು ಎನ್ನುವುದು ಅನೇಕರಿಗೆ ಇಲ್ಲವೇ ಇಲ್ಲ. ಸೈಟಿನ ಪರಿಶೀಲನೆ ಮಾಡುವುದು ಯಂತ್ರ. ಅದು ನಾಲ್ಕು ಕಡೆಯ ಹೆಸರನ್ನು ಪಕ್ಕಪಕ್ಕ ಇಟ್ಟು ನೋಡುತ್ತದೆ: ಸೈಟಿನಲ್ಲಿ ನೀವು ಬರೆದದ್ದು, ಗುರುತಿನ ಚೀಟಿಯಲ್ಲಿ ಇರುವುದು, ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ದಾಖಲೆಯಲ್ಲಿ ಇರುವುದು, ಬ್ಯಾಂಕ್ ಖಾತೆಯಲ್ಲಿರುವುದು.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಗಿವನ್ ನೇಮ್ ಜಾಗದಲ್ಲಿ ‘ಮಂಜುನಾಥ ಕೆಂಚಪ್ಪ’ ಎಂದಿದೆ ಎಂದುಕೊಳ್ಳಿ. ಅಮೆರಿಕದ ವೀಸಾದಲ್ಲಿ ಇದು ಉಲ್ಟಾ ಆಗುತ್ತದೆ. ಎರಡೂ ಪದ ಸರ್‌ನೇಮ್ ಆಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬಂದು ಕೂರುತ್ತದೆ. ಅಲ್ಲಿಂದ ಅದು ಡ್ರೈವಿಂಗ್ ಲೈಸೆನ್ಸಿಗೆ ನಡೆಯುತ್ತದೆ. ಬ್ಯಾಂಕಿನವರು ಮಾತ್ರ ಪಾಸ್‌ಪೋರ್ಟ್ ನೋಡಿ ಮಂಜುನಾಥ ಮೊದಲ ಹೆಸರು, ಕೆಂಚಪ್ಪ ಕೊನೆಯ ಹೆಸರು ಎಂದು ಬರೆದುಕೊಂಡಿರುತ್ತಾರೆ. ಈ ವ್ಯಕ್ತಿ ಸೈಟಿನಲ್ಲಿ ‘ಮಂಜು ಕೆ’ ಎಂದು ನೋಂದಾಯಿಸಿದ್ದರೆ ಒಬ್ಬರೇ ಮನುಷ್ಯ ಯಂತ್ರಕ್ಕೆ ನಾಲ್ವರಾಗಿ ಕಾಣುತ್ತಾರೆ.

ಮಾಡಬೇಕಾದದ್ದು ಇಷ್ಟು. ಯಾವ ಗುರುತಿನ ಚೀಟಿಯನ್ನು ಅಪ್‌ಲೋಡ್ ಮಾಡುತ್ತೀರಿ ಎಂದು ಖಾತೆ ತೆರೆಯುವ ಮೊದಲೇ ತೀರ್ಮಾನಿಸಿ. ಅದರಲ್ಲಿರುವಂತೆಯೇ, ಎಫ್‌ಎನ್‌ಯು ಇದ್ದರೆ ಅದನ್ನೂ ಸೇರಿಸಿ, ಅಕ್ಷರ ಬಿಡದೆ ಬರೆಯಿರಿ. ಆಮೇಲೆ ಬ್ಯಾಂಕಿಗೆ ಹೋಗಿ ಅದೇ ಚೀಟಿ ತೋರಿಸಿ ಖಾತೆಯ ಹೆಸರನ್ನು ಅದಕ್ಕೆ ಹೊಂದಿಸಿ. ಬ್ಯಾಂಕಿನ ದಾಖಲೆ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ, ಲೈಸೆನ್ಸ್ ಬದಲಾಯಿಸುವುದು ಹಾಗಲ್ಲ. ಸೈಟಿನಲ್ಲಿ ಈಗಾಗಲೇ ತಪ್ಪು ಹೆಸರು ಕೊಟ್ಟಿದ್ದರೆ ಹೊಸ ಖಾತೆ ತೆರೆಯಲು ಹೋಗಬೇಡಿ. ಒಬ್ಬರಿಗೆ ಎರಡು ಖಾತೆ ಆದರೆ ಎರಡೂ ಹೋಗುತ್ತವೆ. ಸಹಾಯ ವಿಭಾಗಕ್ಕೆ ಚೀಟಿಯ ಪ್ರತಿ ಕಳಿಸಿ ಹೆಸರು ತಿದ್ದಿಸಿಕೊಳ್ಳಿ, ಅದೂ ಏನನ್ನೂ ಗೆಲ್ಲುವ ಮೊದಲು. ದೊಡ್ಡ ಮೊತ್ತ ಗೆದ್ದ ಮರುದಿನ ಹೆಸರು ತಿದ್ದಿಸಲು ಹೊರಟರೆ ಅನುಮಾನ ಬರದೆ ಇರುತ್ತದೆಯೇ?

ಬಂದು ಆರೇಳು ತಿಂಗಳಾದವರಿಗೆ ಇನ್ನೊಂದು ತೊಡಕಿದೆ. ಎಸ್‌ಎಸ್‌ಎನ್ ಸರಿಯಿದ್ದರೂ ತಾನಾಗಿ ನಡೆಯುವ ಪರಿಶೀಲನೆ ಸೋಲುತ್ತದೆ, ಯಾಕೆಂದರೆ ಸಾಲದ ಇತಿಹಾಸ ಇಡುವ ಕ್ರೆಡಿಟ್ ಬ್ಯೂರೋಗಳಲ್ಲಿ ನಿಮ್ಮ ಹೆಸರಿನಲ್ಲಿ ಇನ್ನೂ ಏನೂ ಇರುವುದಿಲ್ಲ. ಇದು ತಿರಸ್ಕಾರ ಅಲ್ಲ. ಮನುಷ್ಯರು ಕೂತು ನೋಡುವ ಸರದಿಗೆ ಹೋಗುತ್ತದೆ ಅಷ್ಟೆ. ಎಸ್‌ಎಸ್‌ಎನ್ ಇಲ್ಲದ ಎಚ್-4 ಗೃಹಿಣಿಯರು, ಕ್ಯಾಂಪಸ್ ಕೆಲಸ ಮಾಡದ ವಿದ್ಯಾರ್ಥಿಗಳು ಐಟಿಐಎನ್ (ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ತೆರಿಗೆ ನಂಬರ್) ಒಪ್ಪುತ್ತಾರೆಯೇ ಎಂದು ಮೊದಲೇ ಬರೆದು ಕೇಳಿ ಉತ್ತರ ಇಟ್ಟುಕೊಳ್ಳಿ. ಗಂಡನ ನಂಬರ್ ಹಾಕಿ ಹೆಂಡತಿ ಆಡುವುದು, ಗಂಡನ ಕಾರ್ಡಿನಿಂದ ಹೆಂಡತಿಯ ಖಾತೆಗೆ ನಾಣ್ಯ ಕೊಳ್ಳುವುದು, ಎರಡೂ ರಿಡೀಮ್ ಹೊತ್ತಿಗೆ ಕುತ್ತಿಗೆಗೆ ಬರುತ್ತವೆ.

ಹಂಚಿಕೊಂಡ ಮನೆಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಾಲ್ಕು ಹುಡುಗರು, ಒಂದು ವೈಫೈ, ನಾಲ್ಕು ಖಾತೆ. ಸೈಟಿಗೆ ಕಾಣುವುದು ಒಂದೇ ಐಪಿ ವಿಳಾಸದಿಂದ ಒಬ್ಬನೇ ನಾಲ್ಕು ಹೆಸರಿನಲ್ಲಿ ಬೋನಸ್ ಎತ್ತುತ್ತಿದ್ದಾನೆ ಎಂದು. ಕೆಲವು ಸೈಟುಗಳಲ್ಲಿ ಮನೆಗೆ ಒಂದೇ ಖಾತೆ ಎಂಬ ನಿಯಮ ಇದೆ. ಇಲ್ಲದ ಕಡೆಯೂ ಒಬ್ಬರ ಫೋನಿನಲ್ಲಿ ಇನ್ನೊಬ್ಬರು ಲಾಗಿನ್ ಆಗಬಾರದು, ಪರಸ್ಪರ ರೆಫರಲ್ ಕೊಟ್ಟುಕೊಳ್ಳಬಾರದು.

ದಾಖಲೆಗಳು

ಗುರುತಿಗೆ ಪಾಸ್‌ಪೋರ್ಟ್ ಅಥವಾ ಲೈಸೆನ್ಸ್. ಎಚ್-1ಬಿಯವರ ಲೈಸೆನ್ಸ್ ಎಷ್ಟೋ ರಾಜ್ಯಗಳಲ್ಲಿ ಐ-94 (ದೇಶದಲ್ಲಿ ಇರಬಹುದಾದ ಅವಧಿಯ ದಾಖಲೆ) ಜೊತೆಗೇ ಮುಗಿಯುತ್ತದೆ. ಎಕ್ಸ್‌ಟೆನ್ಷನ್ ಕಾಯುತ್ತಿರುವಾಗ ಕೈಯಲ್ಲಿ ಇರುವುದು ಅವಧಿ ಮುಗಿದ ಕಾರ್ಡು. ಅಂಥವರು ಪಾಸ್‌ಪೋರ್ಟನ್ನೇ ಕೊಡಿ. ಪಾಸ್‌ಪೋರ್ಟಿನ ಕಡೇ ಪುಟದಲ್ಲಿರುವುದು ಸಾಮಾನ್ಯವಾಗಿ ಊರಿನ ವಿಳಾಸ, ಆದ್ದರಿಂದ ಆ ಪುಟ ಕಳಿಸಬೇಡಿ. ಅಮೆರಿಕದ ವಿಳಾಸಕ್ಕೆ ಬೇರೆ ಪುರಾವೆ ಕೊಡಿ.

ವಿಳಾಸದ ಪುರಾವೆ ಸಾಮಾನ್ಯವಾಗಿ 90 ದಿನದೊಳಗಿನದಾಗಿರಬೇಕು. ಕರೆಂಟ್ ಬಿಲ್ ರೂಮ್‌ಮೇಟ್ ಹೆಸರಿನಲ್ಲಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಸುಲಭ. ಬ್ಯಾಂಕಿನ ಸೈಟಿನಿಂದ ಇಳಿಸಿದ ಪಿಡಿಎಫನ್ನು ಇಡಿಯಾಗಿ ಕೊಡಿ, ಫೋನಿನ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಮೊಬೈಲ್ ಬಿಲ್ಲನ್ನು ಕೆಲವರು ಒಪ್ಪುವುದಿಲ್ಲ. ಅಪಾರ್ಟ್‌ಮೆಂಟ್ ನಂಬರ್ ಸೈಟಿನಲ್ಲಿ ಬರೆದು ಸ್ಟೇಟ್‌ಮೆಂಟಿನಲ್ಲಿ ಇಲ್ಲದಿದ್ದರೂ ವಾಪಸ್ ಬರುತ್ತದೆ. ಮನೆ ಬದಲಾಯಿಸಿದವರು ಮೊದಲು ಬ್ಯಾಂಕಿನಲ್ಲಿ, ಆಮೇಲೆ ಸೈಟಿನಲ್ಲಿ ವಿಳಾಸ ಬದಲಾಯಿಸಿ, ಹೊಸ ಸ್ಟೇಟ್‌ಮೆಂಟ್ ಬಂದ ಮೇಲೆ ರಿಡೀಮ್‌ಗೆ ಕೈಹಾಕಿ.

ಫೋಟೊ ತೆಗೆಯುವಾಗ ಕಾರ್ಡಿನ ನಾಲ್ಕೂ ಮೂಲೆ ಕಾಣಬೇಕು. ಕಪ್ಪು ಬಟ್ಟೆಯ ಮೇಲೆ ಇಟ್ಟು, ಕಿಟಕಿಯ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಪ್ಲಾಸ್ಟಿಕ್ ಮೇಲೆ ಬೆಳಕು ಬಿದ್ದು ಒಂದೇ ಒಂದು ಅಂಕಿ ಬಿಳಿಚಿಕೊಂಡರೂ ಯಂತ್ರ ಓದುವುದಿಲ್ಲ. ನಂಬರ್ ಮರೆಮಾಡಲು ಬೆರಳು ಅಡ್ಡ ಇಡಬೇಡಿ, ಕಪ್ಪುಬಿಳುಪು ಸ್ಕ್ಯಾನ್ ಬೇಡ.

ಎಷ್ಟು ಆಡಿದರೆ ರಿಡೀಮ್ ಆಗುತ್ತದೆ

ಖಾತೆಯಲ್ಲಿ ಎರಡು ಅಂಕಿ ಕಾಣುತ್ತವೆ: ಒಟ್ಟು ಎಸ್‌ಸಿ, ರಿಡೀಮ್ ಮಾಡಬಹುದಾದ ಎಸ್‌ಸಿ. ನಡುವಿನ ವ್ಯತ್ಯಾಸಕ್ಕೆ ಕಾರಣ ಪ್ಲೇಥ್ರೂ, ಅಂದರೆ ರಿಡೀಮ್‌ಗೆ ಮೊದಲು ಎಷ್ಟು ಸಲ ಆಡಬೇಕೆಂಬ ನಿಯಮ. ಹೆಚ್ಚಿನ ಕಡೆ ಬಂದ ಎಸ್‌ಸಿಯನ್ನು ಒಂದು ಸಲ ಪಣಕ್ಕಿಟ್ಟರೆ ಸಾಕು. ಕೆಲವು ಕಡೆ ಮೂರು ಸಲ.

ಲೆಕ್ಕ ಹಾಕಿ ನೋಡಿ. ನಿಮಗೆ 25 ಎಸ್‌ಸಿ ಬಂದಿದೆ, ಮೂರು ಪಟ್ಟಿನ ನಿಯಮ ಇದೆ ಎಂದರೆ ಒಟ್ಟು 75 ಎಸ್‌ಸಿಯಷ್ಟು ಪಣ ಇಡಬೇಕು. ಆಟ ಸರಾಸರಿ 96 ಶೇಕಡಾ ಹಿಂದಿರುಗಿಸುವಂಥದ್ದಾದರೆ 75ರಲ್ಲಿ 3 ಎಸ್‌ಸಿ ಸೈಟಿನವರಿಗೆ, ಅಂದರೆ ಕೊನೆಗೆ ಸುಮಾರು 22 ಉಳಿಯಬೇಕು. ಸರಾಸರಿ ಎಂಬುದು ಬಹಳ ಸಲ ಆಡಿದಾಗಿನ ಮಾತು. 5 ಎಸ್‌ಸಿಯಂತೆ ಹದಿನೈದು ಸ್ಪಿನ್ ಹಾಕಿದರೆ ಸೊನ್ನೆಯೂ ಆಗಬಹುದು. 20 ಸೆಂಟಿನ ಸ್ಪಿನ್ ಹಾಕಿದರೆ 375 ಸಲ ಒತ್ತಬೇಕು, ಬೇಸರದ ಕೆಲಸ. ಆದರೆ ಉಳಿಯುವ ಮೊತ್ತ ಸರಾಸರಿಯ ಹತ್ತಿರ ಇರುವ ಸಾಧ್ಯತೆ ಹೆಚ್ಚು. ಆಟದ ಒಳಗಿನ ಮಾಹಿತಿ ಪುಟದಲ್ಲಿ ಆರ್‌ಟಿಪಿ ಎಂದು ಆ ಶೇಕಡಾ ಬರೆದಿರುತ್ತದೆ, ಹೆಚ್ಚಿರುವುದನ್ನೇ ಆರಿಸಿ. ಬ್ಲ್ಯಾಕ್‌ಜ್ಯಾಕ್ ಥರದ ಆಟ ಪ್ಲೇಥ್ರೂಗೆ ಪೂರ್ತಿ ಲೆಕ್ಕಕ್ಕೆ ಬರುತ್ತದೆಯೇ ಎಂದು ನಿಯಮ ನೋಡಿ ಆಮೇಲೆ ಆಡಿ.

ಕನಿಷ್ಠ ಮಿತಿಯೂ ಇದೆ. ನಗದಿಗೆ 50 ಅಥವಾ 100 ಎಸ್‌ಸಿ, ಗಿಫ್ಟ್ ಕಾರ್ಡಿಗೆ 10ರಿಂದ ಶುರುವಾಗುವುದು ಸಾಮಾನ್ಯ. ಬಾಕಿ 63ರ ಹತ್ತಿರ ನಿಂತಿದ್ದು ಮಿತಿ 100 ಎಂದಿದ್ದರೆ, ‘ಇನ್ನು ಸ್ವಲ್ಪ ಆಡಿ ನೂರು ಮಾಡೋಣ’ ಎನ್ನುವ ಕಡೆಯೇ ಹೆಚ್ಚಿನವರು 63ನ್ನೂ ಕಳೆಯುವುದು. ಗಿಫ್ಟ್ ಕಾರ್ಡ್ ತಗೊಂಡು ಅಕ್ಕಿಬೇಳೆಗೆ ಬಳಸಿದರೆ ಅದೂ ದುಡ್ಡೇ. ಇನ್ನು, 60 ಅಥವಾ 90 ದಿನ ಲಾಗಿನ್ ಆಗದಿದ್ದರೆ ಎಸ್‌ಸಿ ಸತ್ತುಹೋಗುವ ನಿಯಮ ಅನೇಕ ಕಡೆ ಇದೆ. ಊರಿಗೆ ಮೂರು ತಿಂಗಳ ರಜೆ ಹೋಗುವವರು ಹೊರಡುವ ಮೊದಲೇ ರಿಡೀಮ್ ಮಾಡಿ ಮುಗಿಸಿ.

ಫ್ಲಾರಿಡಾದವರಿಗೆ ಒಂದು ಮಾತು. ಅಲ್ಲಿ 5,000 ಡಾಲರಿಗೆ ಮೀರಿದ ಬಹುಮಾನ ಯೋಜನೆಗಳಿಗೆ ನೋಂದಣಿ, ಬಾಂಡು ಬೇಕು. ಅದನ್ನು ತಪ್ಪಿಸಲು ಸೈಟುಗಳು ಒಂದು ಸ್ಪಿನ್ನಿನ ಗೆಲುವನ್ನು 5,000ಕ್ಕೆ ಕತ್ತರಿಸುತ್ತವೆ. ದೊಡ್ಡ ಜ್ಯಾಕ್‌ಪಾಟ್ ಹಿಂದೆ ಬೀಳುವ ಮೊದಲು ತಿಳಿದಿರಲಿ.

ರಿಡೀಮ್ ಒತ್ತುವುದು

1. ಬ್ಯಾಂಕಿನಲ್ಲಿ ಚೆಕಿಂಗ್ ಖಾತೆಯನ್ನೇ ಆರಿಸಿ. ಸೇವಿಂಗ್ಸ್ ಖಾತೆಯನ್ನು ಎಷ್ಟೋ ಸೈಟುಗಳು ತಗೊಳ್ಳುವುದಿಲ್ಲ. ಪ್ರೀಪೇಯ್ಡ್ ಕಾರ್ಡು, ಭಾರತದ ಎನ್‌ಆರ್‌ಇ (ಅನಿವಾಸಿಗಳ) ಖಾತೆ ಎರಡೂ ಆಗುವುದಿಲ್ಲ.

2. ನಾಣ್ಯ ಕೊಳ್ಳಲು ಯಾವ ಬ್ಯಾಂಕ್ ಬಳಸಿದಿರೋ ಅದಕ್ಕೇ ವಾಪಸ್ ಹಾಕಿಸಿ. ಬೇರೆ ಬ್ಯಾಂಕ್ ಕೊಟ್ಟರೆ ಹೆಚ್ಚುವರಿ ದಾಖಲೆ ಕೇಳುತ್ತಾರೆ.

3. ಸೈಟು ಬ್ಯಾಂಕಿಗೆ ಲಾಗಿನ್ ಮಾಡಿಸಿ ಖಾತೆ ಜೋಡಿಸುವ ದಾರಿ ಕೊಟ್ಟರೆ ಅದು ಒಳ್ಳೆಯದು, ನಂಬರ್ ತಪ್ಪುವ ಭಯ ಇಲ್ಲ. ಕೈಯಲ್ಲಿ ಬರೆಯಬೇಕಾದರೆ ಚೆಕ್ಕಿನ ಕೆಳಗೆ ಎಡಗಡೆ ಇರುವ 9 ಅಂಕಿ ರೂಟಿಂಗ್ ನಂಬರ್, ಅದರ ಪಕ್ಕದ್ದು ಖಾತೆ ನಂಬರ್. ಬ್ಯಾಂಕಿನ ಸೈಟಿನಲ್ಲಿ ವೈರ್‌ಗೆ ಒಂದು, ಎಸಿಎಚ್‌ಗೆ (ಬ್ಯಾಂಕಿನಿಂದ ಬ್ಯಾಂಕಿಗೆ ಮಾಮೂಲಿ ವರ್ಗಾವಣೆ) ಒಂದು ಎಂದು ಎರಡು ರೂಟಿಂಗ್ ನಂಬರ್ ಇರಬಹುದು. ಇಲ್ಲಿ ಬೇಕಾದದ್ದು ಎಸಿಎಚ್‌ನದು.

4. ಮೊದಲ ಸಲ ಕನಿಷ್ಠ ಮೊತ್ತವನ್ನಷ್ಟೇ ರಿಡೀಮ್ ಮಾಡಿ. ದಾರಿ ಸರಿಯಿದೆ ಎಂದು ಗೊತ್ತಾದ ಮೇಲೆ ಉಳಿದದ್ದು.

5. ಒತ್ತಿದ ಕೂಡಲೇ ದಿನಾಂಕ, ಮೊತ್ತ, ವ್ಯವಹಾರದ ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಇದಾದ ಮೇಲೆ ಮೊತ್ತ ‘ಪೆಂಡಿಂಗ್’ ಎಂದು ನಿಲ್ಲುತ್ತದೆ. ಈ ಸ್ಥಿತಿಯಲ್ಲಿ ಪಕ್ಕದಲ್ಲೇ ರದ್ದುಮಾಡುವ ಗುಂಡಿ ಇರುತ್ತದೆ, ಒತ್ತಿದರೆ ಎಸ್‌ಸಿ ಮರುಕ್ಷಣ ಆಟಕ್ಕೆ ವಾಪಸ್. ರಿಡೀಮ್‌ಗೆ ಐದಾರು ಹೆಜ್ಜೆ, ರದ್ದಿಗೆ ಒಂದೇ ಹೆಜ್ಜೆ. ಯಾರಿಗೆ ಅನುಕೂಲ ಎಂದು ಬಿಡಿಸಿ ಹೇಳಬೇಕಿಲ್ಲ. ಪೆಂಡಿಂಗ್ ಇರುವಷ್ಟು ದಿನ ಆ್ಯಪನ್ನು ಫೋನಿನಿಂದ ತೆಗೆದುಬಿಡಿ, ಸ್ಥಿತಿಯನ್ನು ಇ-ಮೇಲಿನಲ್ಲಿ ನೋಡಿಕೊಳ್ಳಬಹುದು. ಆಡುವುದನ್ನೇ ನಿಲ್ಲಿಸಲು ಸೆಲ್ಫ್ ಎಕ್ಸ್‌ಕ್ಲೂಷನ್ ಹಾಕಿಕೊಳ್ಳುವವರು ಮೊದಲು ರಿಡೀಮ್ ಮುಗಿಸಿ ಆಮೇಲೆ ಹಾಕಿಕೊಳ್ಳಿ. ಖಾತೆ ಮುಚ್ಚಿದ ಮೇಲೆ ಬಾಕಿ ಕೇಳುವುದು ಕಷ್ಟ.

ಮೊದಲ ಸಲದ ಪರಿಶೀಲನೆಗೆ ಒಂದು ವಾರ ಹಿಡಿದರೂ ಗಾಬರಿ ಬೇಡ. ಒಪ್ಪಿಗೆಯಾದ ಮೇಲೆ ಎಸಿಎಚ್ ಬ್ಯಾಂಕಿಗೆ ತಲುಪಲು ಒಂದರಿಂದ ಮೂರು ಕೆಲಸದ ದಿನ. ಶನಿವಾರ, ಭಾನುವಾರ, ಫೆಡರಲ್ ರಜೆ ಲೆಕ್ಕಕ್ಕಿಲ್ಲ. ಕ್ರಿಪ್ಟೊದಲ್ಲಿ ಕೊಡುವ ಸೈಟುಗಳು ಬೇಗ ಕೊಡುತ್ತವೆ. ಆದರೆ ನೆಟ್‌ವರ್ಕ್ ತಪ್ಪು ಆರಿಸಿದರೆ ದುಡ್ಡು ಹೋದದ್ದು ಹೋದಂತೆಯೇ.

ಕಳಿಸಿದ ದುಡ್ಡು ನಿಮ್ಮ ಬ್ಯಾಂಕಿನಿಂದ ಸೈಟಿಗೆ ವಾಪಸ್ ಹೋದರೆ ಕಾರಣದ ಕೋಡ್ ಕೇಳಿ. ಆರ್02 ಎಂದರೆ ಖಾತೆ ಮುಚ್ಚಿದೆ. ಆರ್03 ಎಂದರೆ ಆ ಹೆಸರು, ಆ ನಂಬರಿನ ಖಾತೆ ಸಿಗಲಿಲ್ಲ. ಆರ್04 ಎಂದರೆ ನಂಬರಿನ ಅಂಕಿಗಳೇ ತಪ್ಪು. ಆರ್16 ಬಂದರೆ ಖಾತೆಯನ್ನು ತಡೆಹಿಡಿದಿದ್ದಾರೆ, ಅದಕ್ಕೆ ಬ್ಯಾಂಕಿಗೇ ಹೋಗಬೇಕು. ಆರ್20 ಎಂದರೆ ಇಂಥ ವ್ಯವಹಾರಕ್ಕೆ ಬಾರದ ಖಾತೆ, ಬಹುಶಃ ಸೇವಿಂಗ್ಸ್ ಕೊಟ್ಟಿರುತ್ತೀರಿ.

ಸಿಕ್ಕಿಕೊಂಡಾಗ ಚಾಟ್‌ನಲ್ಲಿ ವಾದ ಮಾಡಿ ಉಪಯೋಗವಿಲ್ಲ, ಅಲ್ಲಿ ಉತ್ತರಿಸುವುದು ಬಹುತೇಕ ಯಂತ್ರ. ಇ-ಮೇಲ್ ಬರೆಯಿರಿ. ಖಾತೆಯ ಇ-ಮೇಲ್ ವಿಳಾಸ, ರಿಡೀಮ್ ಸಂಖ್ಯೆ, ದಿನಾಂಕ, ಮೊತ್ತ, ಕಳಿಸಿದ ದಾಖಲೆಗಳ ಪಟ್ಟಿ, ಇಷ್ಟನ್ನು ಐದು ಸಾಲಿನಲ್ಲಿ ಬರೆದು, ‘ಯಾವ ದಾಖಲೆ, ಯಾವ ಕಾರಣಕ್ಕೆ ನಿಂತಿದೆ’ ಎಂಬ ಒಂದೇ ಪ್ರಶ್ನೆ ಕೇಳಿ. ಉತ್ತರಕ್ಕೆ ಕಾಯುವಾಗ ಹೊಸ ಟಿಕೆಟ್ ಹಾಕಬೇಡಿ, ಎಷ್ಟೋ ಕಡೆ ಸರದಿ ಹಿಂದಕ್ಕೆ ಹೋಗುತ್ತದೆ. ಎಫ್‌ಎನ್‌ಯು ಸಮಸ್ಯೆ ಇದ್ದರೆ ಪಾಸ್‌ಪೋರ್ಟ್ ಮತ್ತು ವೀಸಾ ಪುಟ ಎರಡನ್ನೂ ಒಂದೇ ಇ-ಮೇಲಿನಲ್ಲಿ ಹಾಕಿ. ಸಿಟ್ಟಿನಲ್ಲಿ ಕಾರ್ಡ್ ಕಂಪನಿಗೆ ಹೇಳಿ ಹಳೆಯ ಖರೀದಿಗಳನ್ನು ಚಾರ್ಜ್‌ಬ್ಯಾಕ್ ಮಾಡಿಸಿದರೆ, ಅಂದರೆ ಕೊಟ್ಟ ದುಡ್ಡನ್ನು ಹಿಂದಕ್ಕೆ ಎಳೆಸಿದರೆ, ಖಾತೆ ಅಂದೇ ಮುಚ್ಚುತ್ತದೆ, ಬಾಕಿ ಇದ್ದದ್ದೂ ಹೋಗುತ್ತದೆ. ತಿಂಗಳಾದರೂ ಉತ್ತರವಿಲ್ಲದಿದ್ದರೆ ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಕೊಡಿ, ಅದರ ಪ್ರತಿಯನ್ನು ಸೈಟಿಗೂ ಕಳಿಸಿ.

ತೆರಿಗೆ

ಇದು ವೀಸಾದವರು ಹೆಚ್ಚು ತಪ್ಪು ಮಾಡುವ ಜಾಗ. ಗೆದ್ದದ್ದು ಒಂದು ಡಾಲರಾದರೂ ಆದಾಯವೇ. ಫಾರ್ಮ್ ಬಂದರೆ ಮಾತ್ರ ತೆರಿಗೆ ಎಂಬುದು ತಪ್ಪು ತಿಳಿವಳಿಕೆ. ಸೈಟುಗಳು ಹೆಚ್ಚಾಗಿ ಕಳಿಸುವುದು 1099-ಮಿಸ್ಕ್, ಅಂದರೆ ನಿಮಗೆ ಕೊಟ್ಟ ದುಡ್ಡಿನ ಲೆಕ್ಕದ ಫಾರ್ಮ್. 2025ರವರೆಗೆ ವರ್ಷಕ್ಕೆ 600 ಡಾಲರ್ ದಾಟಿದರೆ ಕಳಿಸಬೇಕಿತ್ತು. 2025ರ ಜುಲೈ 4ರಂದು ಸಹಿಯಾದ ತೆರಿಗೆ ಕಾನೂನು 2026ರ ಪಾವತಿಗಳಿಂದ ಆ ಮಿತಿಯನ್ನು 2,000ಕ್ಕೆ ಏರಿಸಿತು. 2026ರಲ್ಲಿ 1,800 ರಿಡೀಮ್ ಮಾಡಿದವರಿಗೆ ಫಾರ್ಮ್ ಬಾರದಿರಬಹುದು, ರಿಟರ್ನಿನಲ್ಲಿ ತೋರಿಸುವ ಬಾಧ್ಯತೆ ಹಾಗೇ ಇರುತ್ತದೆ. ಫಾರ್ಮ್ ಬಂದಿದ್ದೂ ಬಿಟ್ಟರೆ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಕಂಪ್ಯೂಟರ್ ಹೊಂದಿಸಿ ನೋಡಿ, ಲೆಕ್ಕ ಹೊಂದುತ್ತಿಲ್ಲ ಎಂಬ ಸಿಪಿ2000 ನೋಟಿಸ್ ಕಳಿಸುತ್ತದೆ.

ಮೊದಲು ಗೊತ್ತಾಗಬೇಕಾದದ್ದು ತೆರಿಗೆಯ ಲೆಕ್ಕದಲ್ಲಿ ನೀವು ರೆಸಿಡೆಂಟೋ ನಾನ್‌ರೆಸಿಡೆಂಟೋ ಎಂದು. ಎಚ್-1ಬಿಯವರಿಗೆ ದಿನಗಳ ಲೆಕ್ಕ: ಈ ವರ್ಷ ಇಲ್ಲಿದ್ದ ದಿನಗಳು ಪೂರ್ತಿ, ಕಳೆದ ವರ್ಷದ್ದರಲ್ಲಿ ಮೂರನೇ ಒಂದು, ಅದರ ಹಿಂದಿನದರಲ್ಲಿ ಆರನೇ ಒಂದು, ಎಲ್ಲ ಕೂಡಿ 183 ಆಗಬೇಕು, ಈ ವರ್ಷ ಕನಿಷ್ಠ 31 ದಿನ ಇದ್ದಿರಬೇಕು. ಅಕ್ಟೋಬರಿನಲ್ಲಿ ಮೊದಲ ಸಲ ಬಂದಿಳಿದವರು ಆ ವರ್ಷಕ್ಕೆ ಸಾಮಾನ್ಯವಾಗಿ ನಾನ್‌ರೆಸಿಡೆಂಟ್. ಎಫ್-1 ವಿದ್ಯಾರ್ಥಿಗಳಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ದಿನಗಳ ಲೆಕ್ಕವೇ ಇಲ್ಲ, ಆದ್ದರಿಂದ ನಾನ್‌ರೆಸಿಡೆಂಟ್. 2022ರ ಆಗಸ್ಟಿನಲ್ಲಿ ಬಂದವರಿಗೆ 2022 ಒಂದು ಪೂರ್ತಿ ವರ್ಷ ಎಂದೇ ಎಣಿಕೆ. 2026ರ ಕೊನೆಗೆ ಐದು ಮುಗಿಯುತ್ತದೆ.

ರೆಸಿಡೆಂಟ್ ಆದವರು ಸೈಟಿಗೆ ಡಬ್ಲ್ಯು-9 ಫಾರ್ಮ್ ಕೊಟ್ಟು, 1040 ರಿಟರ್ನಿನ ಶೆಡ್ಯೂಲ್ 1ರಲ್ಲಿ ಈ ಆದಾಯ ತೋರಿಸಿ, ಮಾಮೂಲಿ ದರದಲ್ಲಿ ತೆರಿಗೆ ಕಟ್ಟುತ್ತಾರೆ. ನಾನ್‌ರೆಸಿಡೆಂಟ್ ಆದವರು ಡಬ್ಲ್ಯು-9ಗೆ ಸಹಿ ಹಾಕುವಂತಿಲ್ಲ. ‘ನಾನು ಅಮೆರಿಕದ ತೆರಿಗೆದಾರ’ ಎಂದು ಸುಳ್ಳು ಹೇಳಿದಂತೆ ಆಗುತ್ತದೆ. ಅವರು ಕೊಡಬೇಕಾದ ಫಾರ್ಮ್ ಡಬ್ಲ್ಯು-8ಬೆನ್. ಇಂಥ ಗೆಲುವಿಗೆ 30 ಶೇಕಡಾ ನೇರ ತೆರಿಗೆ, ಭಾರತದ ಜೊತೆಗಿನ ತೆರಿಗೆ ಒಪ್ಪಂದದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ, ಸೋತದ್ದನ್ನು ಕಳೆಯಲೂ ಬರುವುದಿಲ್ಲ. ವರ್ಷದಲ್ಲಿ 500 ಗೆದ್ದು 700 ಸೋತ ವಿದ್ಯಾರ್ಥಿಯೂ 500ರ ಮೇಲೆ 150 ಡಾಲರ್ ಕಟ್ಟಬೇಕಾಗುತ್ತದೆ. ನಿಜ ಹೇಳಬೇಕೆಂದರೆ ಎಫ್-1ನವರಿಗೆ ಈ ಆಟದ ಗಣಿತವೇ ಹೊಂದುವುದಿಲ್ಲ. ಸೈಟು ತೆರಿಗೆ ಹಿಡಿದುಕೊಂಡಿದ್ದರೆ ಅದರ ಲೆಕ್ಕದ ಫಾರ್ಮ್ 1042-ಎಸ್ ಬರುತ್ತದೆ. ಹಿಡಿಯದಿದ್ದರೆ ನಾನ್‌ರೆಸಿಡೆಂಟ್ ರಿಟರ್ನ್ ಆದ 1040-ಎನ್‌ಆರ್‌ನ ಶೆಡ್ಯೂಲ್ ಎನ್‌ಇಸಿಯಲ್ಲಿ ನೀವೇ ತೋರಿಸಬೇಕು. ಟರ್ಬೊಟ್ಯಾಕ್ಸ್‌ನಲ್ಲಿ 1040-ಎನ್‌ಆರ್ ಆಗುವುದಿಲ್ಲ, ಸ್ಪ್ರಿಂಟ್ಯಾಕ್ಸ್‌ನಲ್ಲಿ ಆಗುತ್ತದೆ.

ರೆಸಿಡೆಂಟ್ ಆದವರು ಸೋಲನ್ನು ಕಳೆಯಬಹುದೇ ಎಂಬುದು ಈ ಗೆಲುವನ್ನು ಜೂಜು ಎನ್ನುತ್ತೀರೋ ಬಹುಮಾನ ಎನ್ನುತ್ತೀರೋ ಎಂಬುದರ ಮೇಲೆ ನಿಂತಿದೆ. ಮೊತ್ತ ದೊಡ್ಡದಾದರೆ ಸಿಪಿಎ (ಲೆಕ್ಕಪರಿಶೋಧಕರು) ಹತ್ತಿರ ಹೋಗಿ. ಹೋಗುವಾಗ ಪ್ರತಿ ಖರೀದಿ, ಪ್ರತಿ ರಿಡೀಮ್ ದಿನಾಂಕದೊಂದಿಗೆ ಬರೆದ ಒಂದು ಎಕ್ಸೆಲ್ ಹಾಳೆ ಕೈಯಲ್ಲಿರಲಿ. ಮುಚ್ಚಿಹೋದ ಸೈಟಿನಿಂದ ಹಳೆಯ ಲೆಕ್ಕ ತೆಗೆಯಲು ಆಗುವುದಿಲ್ಲ, ಆದ್ದರಿಂದ ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ.

ಊರಿನ ಕಡೆ

ಅಮೆರಿಕದ ನಿಮ್ಮ ಬ್ಯಾಂಕಿಗೆ ಬಂದು ತೆರಿಗೆಗೆ ಲೆಕ್ಕ ಸಿಕ್ಕ ದುಡ್ಡನ್ನು ಊರಿಗೆ ಕಳಿಸಲು ತೊಂದರೆಯಿಲ್ಲ. 2026ರಿಂದ ಬಂದ 1 ಶೇಕಡಾ ರವಾನೆ ತೆರಿಗೆ ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಕೊಟ್ಟು ಕಳಿಸುವವರಿಗೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ತಗುಲುವುದಿಲ್ಲ.

ಉಲ್ಟಾ ದಾರಿ ಬೇರೆ ಕಥೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಮ್ಮ ‘ಅಣ್ಣಾ, ನಿನ್ನ ವಿಳಾಸ ಕೊಡು, ನಾನೂ ಒಂದು ಖಾತೆ ತೆರೀತೀನಿ’ ಎಂದರೆ ಬೇಡ ಎನ್ನಿ. ಭಾರತದ ವಿದೇಶಿ ವಿನಿಮಯ ಕಾನೂನಾದ ಫೆಮಾ ನಿಯಮಗಳ ಮೊದಲ ಶೆಡ್ಯೂಲಿನಲ್ಲಿ ಲಾಟರಿ ಟಿಕೆಟು, ಸ್ವೀಪ್‌ಸ್ಟೇಕ್ಸ್ ಇತ್ಯಾದಿಗಾಗಿ ಭಾರತದಿಂದ ಹಣ ಕಳಿಸುವುದನ್ನು ಹೆಸರು ಹಿಡಿದೇ ನಿಷೇಧಿಸಲಾಗಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟಗಳನ್ನು ಒಟ್ಟಾರೆ ನಿಷೇಧಿಸಿದೆ, ಹೊರದೇಶದಿಂದ ಒದಗಿಸುವವರಿಗೂ ಅದು ಅನ್ವಯ. ಅಲ್ಲದೆ, ಅಣ್ಣನ ಹೆಸರಿನಲ್ಲಿ ತಮ್ಮ ಭಾರತದಿಂದ ಆಡಿದ ಖಾತೆಯ ದುಡ್ಡು ಜಾಗದ ಪರಿಶೀಲನೆಯಲ್ಲೇ ನಿಲ್ಲುತ್ತದೆ.

ನಕಲಿ ಸೈಟು, ಫೇಸ್‌ಬುಕ್ ಏಜೆಂಟು

ಮೇಲೆ ಹೇಳಿದ್ದೆಲ್ಲ ದುಡ್ಡು ಕೊಡುವ ಉದ್ದೇಶ ಇರುವ ಸೈಟಿಗೆ. ಇನ್ನೊಂದು ಜಾತಿ ಇದೆ: ಫೇಸ್‌ಬುಕ್ ಪೇಜಿನಲ್ಲೋ ಟೆಲಿಗ್ರಾಮಿನಲ್ಲೋ ಒಬ್ಬ ಏಜೆಂಟ್ ಸಿಗುತ್ತಾನೆ. ಕ್ಯಾಶ್ ಆ್ಯಪ್‌ನಲ್ಲಿ 20 ಡಾಲರ್ ಹಾಕಿದರೆ ಆಟಕ್ಕೆ ಪಾಯಿಂಟ್ ತುಂಬಿಸುತ್ತಾನೆ. ಪರದೆಯ ಮೇಲೆ 1,400 ಗೆದ್ದಿರುತ್ತೀರಿ. ಕೇಳಿದಾಗ ಶುರುವಾಗುತ್ತದೆ: ಮೊದಲು 15 ಶೇಕಡಾ ತೆರಿಗೆ ಕಟ್ಟಿ, ಆಮೇಲೆ ವಾಲೆಟ್ ವೆರಿಫಿಕೇಷನ್‌ಗೆ 100, ಆಮೇಲೆ ವಿಐಪಿ ಮಟ್ಟಕ್ಕೆ 250. ಪ್ರತಿ ಸಲವೂ ‘ಇದೇ ಕೊನೆ’. ನಿಜವಾದ ಸೈಟು ಕೊಡಬೇಕಾದ ದುಡ್ಡಿನಿಂದಲೇ ಕಡಿದುಕೊಳ್ಳುತ್ತದೆ. ಕೊಡುವುದಕ್ಕಾಗಿ ನಿಮ್ಮಿಂದ ಕೇಳುವುದಿಲ್ಲ. ಐಆರ್‌ಎಸ್ ತೆರಿಗೆಯನ್ನು ಗಿಫ್ಟ್ ಕಾರ್ಡಿನಲ್ಲಾಗಲಿ ಕ್ಯಾಶ್ ಆ್ಯಪ್ ಏಜೆಂಟಿನ ಮೂಲಕವಾಗಲಿ ಯಾವತ್ತೂ ವಸೂಲಿ ಮಾಡುವುದಿಲ್ಲ.

ಕಟ್ಟಿಬಿಟ್ಟಿದ್ದರೆ ಅದೇ ದಿನ ಬ್ಯಾಂಕ್ ಅಥವಾ ಪಾವತಿ ಆ್ಯಪಿಗೆ ವಂಚನೆ ಎಂದು ತಿಳಿಸಿ, ಎಸ್‌ಎಸ್‌ಎನ್ ಕೊಟ್ಟಿದ್ದರೆ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ, ಅಂದರೆ ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್‌ನಲ್ಲಿ ಕ್ರೆಡಿಟ್ ಫ್ರೀಜ್ ಹಾಕಿಸಿ, ಅದು ಉಚಿತ. ಪಾಸ್‌ಪೋರ್ಟಿನ ಫೋಟೊ ಕಳಿಸಿದ್ದರೆ ಆ ಮಾತನ್ನೂ ಸೇರಿಸಿ ಗ್ರಾಹಕರ ರಕ್ಷಣೆ ನೋಡುವ ಎಫ್‌ಟಿಸಿಗೂ, ಆನ್‌ಲೈನ್ ವಂಚನೆಯ ದೂರು ತಗೊಳ್ಳುವ ಎಫ್‌ಬಿಐನ ಐಸಿ3 ಸೈಟಿಗೂ ದೂರು ಕೊಡಿ. ಚಾಟ್ ಅಳಿಸಬೇಡಿ, ಏಜೆಂಟನ್ನು ಬ್ಲಾಕ್ ಮಾಡುವ ಮೊದಲೇ ಅವನ ಪ್ರೊಫೈಲ್ ಮತ್ತು ಪಾವತಿ ಐಡಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೆಲವು ದಿನ ಬಿಟ್ಟು ‘ನಿಮ್ಮ ಕಳೆದ ದುಡ್ಡು ವಾಪಸ್ ಕೊಡಿಸುತ್ತೇವೆ’ ಎಂದು ಇನ್ನೊಬ್ಬ ಮೆಸೇಜ್ ಮಾಡಿದರೆ ಅವನೂ ಅದೇ ಗುಂಪಿನವನು ಎಂದುಕೊಂಡು ಉತ್ತರ ಕೊಡದೆ ಬಿಡಿ.